ನಲವತ್ತು ನಂಬರಿನ ಚೀಟಿ

ಇದು ನಡೆದಾಗ ನನಗೆ ಅರವತ್ತೊಂದು, ಅದಾಗಿ ನಾಲ್ಕು ವರ್ಷ. ನಾನು ಹುಟ್ಟಿದ ದಿನವನ್ನು ನಮ್ಮ ಮನೆಯಲ್ಲಿ ಯಾರೂ ಬರೆದಿಟ್ಟಿಲ್ಲ. ಇದು ಆಧಾರ ಕಾರ್ಡ್ ಹೇಳುವ ವಯಸ್ಸು. ಕಾಗದದಲ್ಲಿ ಬಂದದ್ದೆಲ್ಲ ಖರೆ ಎಂದು ನಂಬಿ ಬಾಳಿದವಳು ನಾನು. ಕಲಿತದ್ದು ಕನ್ನಡ ಶಾಲೆಯ ಎರಡನೇ ಇಯತ್ತೆ. ಸರಿಯಾಗಿ ಓದಲು ಬಾರದವರೇ ಕಾಗದಕ್ಕೆ ಹೆಚ್ಚು ಹೆದರುತ್ತಾರೆ. ನನ್ನ ಆ ಹೆದರಿಕೆಯಿಂದ ಒಬ್ಬ ಹುಡುಗಿಗೆ ಸಿಗಬೇಕಾದ ನೌಕರಿ ತಪ್ಪುವ ಹೊತ್ತು ಬಂದಿತ್ತು. ಅದನ್ನೇ ಇಲ್ಲಿ ಬರೆದಿದ್ದೇನೆ. ಬರೆದದ್ದು ನಾನೇ, ಕಾಗುಣಿತ ತಿದ್ದಿದ್ದು ಮೊಮ್ಮಗಳು.

ಇಚಲಕರಂಜಿಯ ಒಂದು ಮಗ್ಗದ ಕಾರಖಾನೆಯಲ್ಲಿ ನಾನು ಕಾಂಡಿ ಸುತ್ತುತ್ತಿದ್ದೆ. ಲಾಳಿಯ ಹೊಟ್ಟೆಯಲ್ಲಿ ಕೂರುವ, ನೂಲು ಸುತ್ತಿದ ಕಡ್ಡಿಗೆ ಕಾಂಡಿ ಎನ್ನುತ್ತಾರೆ. ಗಿರಣಿಯಿಂದ ನೂಲು ಕೋನ್ ಮೇಲೆ ಬರುತ್ತದೆ. ಅದನ್ನು ಮಶೀನಿಗೆ ಹಾಕಿ ಕಾಂಡಿಗೆ ಸುತ್ತಿ ಮಗ್ಗದವರಿಗೆ ಕೊಡಬೇಕು. ನೂಲಿಗೆ ನಂಬರ ಇರುತ್ತದೆ. ನಂಬರ ಏರಿದಷ್ಟು ಎಳೆ ಸಣ್ಣ. ಮೂವತ್ತು ದಪ್ಪ, ನಲವತ್ತು ಅದಕ್ಕಿಂತ ಸಣ್ಣ. ಎರಡೂ ಬಿಳಿ, ಕಣ್ಣಿಗೆ ಎರಡೂ ಒಂದೇ. ಆದರೆ ಒಂದೇ ಬಟ್ಟೆಯಲ್ಲಿ ಎರಡೂ ಬೆರೆತರೆ ಅಡ್ಡ ಪಟ್ಟೆ ಬಿದ್ದು ಇಡೀ ತಾಕು, ಅಂದರೆ ಮಗ್ಗದಿಂದ ಇಳಿದ ಉದ್ದನೆಯ ಬಟ್ಟೆ, ಕೆಡುತ್ತದೆ.

ಒಂದು ದಿನ ಕೊಲ್ಹಾಪುರದಿಂದ ಒಬ್ಬ ಮೇಡಂ ಬಂದರು. ಅಂಗವಿಕಲರಿಗೆ ಕೆಲಸ ಕಲಿಸಿ, ನೌಕರಿ ಹುಡುಕಿಕೊಟ್ಟು, ಯಾರ ಹಂಗೂ ಇಲ್ಲದೆ ಬದುಕಲು ತಯಾರು ಮಾಡುವ ಸರ್ಕಾರಿ ಕೇಂದ್ರ ಅಲ್ಲಿದೆ. ನೌಕರಿ ಹುಡುಕುವುದು ಈ ಮೇಡಂ ಕೆಲಸ. ಗಡಹಿಂಗ್ಲಜ ಕಡೆಯವರು, ನಮ್ಮಂತೆಯೇ ಕನ್ನಡ ಮಾತಾಡುತ್ತಿದ್ದರು. ಬಾಗಿಲಲ್ಲಿದ್ದ ಗೋಣಿಚೀಲಕ್ಕೆ ಎಡವಿದರು.

"ಇದೇನ್ರಿ ಮಾಲಕ್ರ, ಬಾಗಲದಾಗ ಕಸ ಇಟ್ಟೀರಿ?"

"ಕಸ ಅಲ್ರಿ, ಉಳದ ಕೋನ್," ಎಂದರು ಮಾಲಕರು. ಅವರು ಜಯಸಿಂಗಪುರ ಕಡೆಯ ಜೈನರು, ನನ್ನ ಮಗನ ವಯಸ್ಸಿನವರು. "ಚೀಟಿ ಹರದ ಹೋಗ್ಯಾವ. ಯಾವುದು ಯಾವ ನಂಬರ ಅನ್ನೂದು ದೇವರಿಗೇ ಗೊತ್ತ. ಬ್ಯಾರೆ ಮಾಡಕೋತ ಕುಂದ್ರಾಕ ಯಾರಿಗಿ ಹೊತ್ತೈತಿ? ರದ್ದಿ ಹಂಗ ತೂಕಕ್ಕ ಹಾಕಿ ಬಿಡ್ತೇವಿ."

ಮೇಡಂ ತಮ್ಮ ಮಂದಿಗೆ ಕೆಲಸ ಕೇಳಿದರು. ಕಾಂಡಿ ಸುತ್ತಲು ಹೆಂಗಸರು ಸಿಗುತ್ತಿಲ್ಲ, ಸರಿಯಾಗಿ ಕಲಿಸಿ ಕಳಿಸಿದರೆ ಒಬ್ಬರನ್ನು ತೆಗೆದುಕೊಳ್ಳುತ್ತೇನೆ ಎಂದರು ಮಾಲಕರು. ಪರೀಕ್ಷೆ ಮಾಡಿ ಪಾಸಾದ ಸರಕಾರಿ ರಿಪೋರ್ಟನ್ನೇ ಕೊಡುತ್ತೇವೆ ಎಂದರು ಮೇಡಂ. ಕಲಿಸುವವರು ಯಾರು ಎಂದು ಮೇಡಂ ಕೇಳಿದರು. ಮಾಲಕರು ನನ್ನ ಕಡೆ ಬೆರಳು ಮಾಡಿದರು.

"ಈ ಮಾವಶಿನ್ನ ಕರಕೊಂಡ ಹೋಗ್ರಿ. ಬಾಯಿ ಭಾಳ ಕೆಟ್ಟದು. ಆದ್ರ ಕಲಸ್ತಾಳ."

ಹೀಗೆ ನಾನು ಆರು ತಿಂಗಳ ಮಟ್ಟಿಗೆ ಶಿಕ್ಷಕಿಯಾದೆ. ನನ್ನಂಥವಳು ಶಿಕ್ಷಕಿ! ಮಾಲಕರು ಎಂಟು ಕದಿರಿನ ಒಂದು ಹಳೆಯ ಕಾಂಡಿ ಮಶೀನನ್ನು ಟೆಂಪೋದಲ್ಲಿ ಹಾಕಿ ಕಳಿಸಿಕೊಟ್ಟರು.

ಮಶೀನು ಕೇಂದ್ರದ ವರಾಂಡದಲ್ಲಿ ಇಳಿಯಿತು. ಇಳಿದದ್ದು ಅಲ್ಲಿಯೇ ನಿಂತಿತು. ಕೇಂದ್ರದ ಸಾಹೇಬರು ಬಂದು ಸುತ್ತು ಹಾಕಿ ನೋಡಿದರು. ಅವರದೆಲ್ಲ ಮರಾಠಿ, ನಾನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಕುರುಡರಿಗೆ ಕಲಿಸುವ ಕೆಲಸಗಳ ಒಂದು ಪಟ್ಟಿ ಇದೆ: ಕುರ್ಚಿ ಹೆಣೆಯುವುದು, ಮೇಣಬತ್ತಿ, ಕಾಗದದ ಫೈಲು. ಪಟ್ಟಿಯಲ್ಲಿ ಮೋಟರ್ ಇರುವ ಮಶೀನು ಇಲ್ಲ. ಬೆರಳು ಸಿಕ್ಕರೆ ಜವಾಬು ಯಾರು ಕೊಡಬೇಕು?

"ಸಾಹೇಬ್ರ, ಕಣ್ಣಿದ್ದವರ ಬೆರಳೂ ಸಿಗತಾವ," ಎಂದು ನನ್ನ ಎಡಗೈ ಚಾಚಿದೆ. ನನ್ನ ಕಿರುಬೆರಳಿನ ತುದಿ ಇಲ್ಲ. "ಇದು ಹಾಡಾಹಗಲಿ, ಎರಡೂ ಕಣ್ಣ ತಗದಿದ್ದಾಗ ಹೋಗಿದ್ದು."

ಅವರು ಬೆರಳನ್ನು ನೋಡಿ ಇನ್ನಷ್ಟು ಹೆದರಿದರು. ತಪ್ಪು ನನ್ನದೇ, ತೋರಿಸಬಾರದಿತ್ತು.

ಮೋಟರಿನ ಬೆಲ್ಟಿಗೆ ಬೆರಳು ಸಿಗದಂತೆ ತಂತಿಯ ಜಾಳಿಗೆ ಹಾಕಿಸಿದರೆ ಪರವಾನಗಿ ಕೊಡುವುದಾಗಿ ಆಯಿತು. ಜಾಳಿಗೆಗೆ ಅರ್ಜಿ ಹೋಯಿತು. ಅರ್ಜಿ ಪುಣೆಗೆ ಹೋಗಿ ಬರಬೇಕಂತೆ. ಕೊಲ್ಹಾಪುರದ ಪಕ್ಕದ ಗೋಕುಳ ಶಿರಗಾಂವದಲ್ಲಿ ಬೀದಿಗೆ ನಾಲ್ಕು ವರ್ಕ್‌ಶಾಪ್ ಇವೆ, ಅರ್ಧ ದಿನದಲ್ಲಿ ಜಾಳಿಗೆ ಬಡಿದು ಕೊಡುತ್ತಾರೆ. ಆದರೆ ಎರಡೂವರೆ ತಿಂಗಳು ಹೋಯಿತು. ನನ್ನ ಆರು ತಿಂಗಳಲ್ಲಿ ಎರಡೂವರೆ ಹೋದರೆ ಉಳಿಯುವುದೆಷ್ಟು ಎಂಬುದು ಎರಡನೇ ಇಯತ್ತೆಯವಳಿಗೂ ಬರುವ ಗಣಿತ.

ಕಲಿಯಲು ನಾಲ್ವರು ಬಂದಿದ್ದರು. ನಿಂತ ಮಶೀನಿನ ಮುಂದೆ ಕೂತು ಬೇಸತ್ತು ಇಬ್ಬರು ಊರಿಗೆ ಹೋದರು. ಒಬ್ಬಳು ಫೈಲಿನ ಕಡೆ ಸರಿದಳು. ಉಳಿದವಳು ಒಬ್ಬಳು.

ಗಡಹಿಂಗ್ಲಜದ ಹತ್ತಿರದ ಹಳ್ಳಿಯವಳು, ಇಪ್ಪತ್ತಾರು ವರ್ಷ, ಕುರಿ ಸಾಕುವ ಮನೆತನ. ಹತ್ತನೇ ಇಯತ್ತೆಯಲ್ಲಿ ಜ್ವರ ಬಂದು ಎರಡೂ ಕಣ್ಣು ಹೋದವು. ಬೆಳಕು, ಕತ್ತಲೆ ಕೂಡ ತಿಳಿಯುತ್ತಿರಲಿಲ್ಲ. ಅಣ್ಣನ ಮನೆಯಲ್ಲಿದ್ದಳು. ಅವರೇನು ಕೆಟ್ಟವರಲ್ಲ. ಒಲೆಯ ಹತ್ತಿರ ಬಿಡುತ್ತಿರಲಿಲ್ಲ, ಬಾವಿಯ ಹತ್ತಿರ ಬಿಡುತ್ತಿರಲಿಲ್ಲ, ಕುರಿಯ ಹತ್ತಿರವೂ ಬಿಡುತ್ತಿರಲಿಲ್ಲ.

"ಕುಂದರವ್ವಾ, ನೀ ಕುಂದರು ಅಂತಾರ ಆಯಿ," ಎಂದಳು ಮೊದಲ ದಿನ; ಅಜ್ಜಿ ಎನ್ನುವಂತೆ ನನ್ನನ್ನು ಆಯಿ ಎಂದು ಕರೆಯುತ್ತಿದ್ದಳು. "ಹನ್ನೊಂದು ವರ್ಷ ಕುಂತ ಕುಂತ ನನ್ನ ಕುಂಡಿ ಚಪ್ಪಟಿ ಆಗೈತಿ."

"ಇಲ್ಲೂ ಕುಂದ್ರೂದ ಐತಿ," ಎಂದೆ. "ಕಾಂಡಿ ಕೆಲಸ ಏನ ನಿಂತ ಮಾಡೂದಲ್ಲ."

"ಕುಂದ್ರಸಿದ್ದಕ್ಕ ಪಗಾರ ಕೊಡ್ತಾರಲ್ರಿ ಇಲ್ಲೆ!"

ಕೇಂದ್ರದಲ್ಲಿ ಅವಳು ಬಿಳಿ ಕೋಲು ಹಿಡಿದು ರಸ್ತೆ ದಾಟುವುದನ್ನು ಕಲಿತಿದ್ದಳು. ಚಹಾ ಮಾಡಲು, ನೋಟು ಗುರುತಿಸಲು ಕಲಿತಿದ್ದಳು. ಬೇಕಾದದ್ದು ಇನ್ನೊಂದೇ. ಪಾಸಾದ ರಿಪೋರ್ಟು ಬಂದರೆ ಇಚಲಕರಂಜಿಯಲ್ಲಿ ನಮ್ಮ ಮಾಲಕರ ಹತ್ತಿರ ಕೆಲಸ, ದುಡಿಯುವ ಹೆಂಗಸರ ವಸತಿಗೃಹದಲ್ಲಿ ಒಂದು ಮಂಚ. ಬಾರದಿದ್ದರೆ ತರಬೇತಿ ಮುಗಿದ ದಿನ ಅಣ್ಣ ಬಂದು ಕರೆದುಕೊಂಡು ಹೋಗುತ್ತಾನೆ, ಮತ್ತೆ ಕುಂದರವ್ವಾ.

ಮೋಟರ್ ಇಲ್ಲದ ಎರಡೂವರೆ ತಿಂಗಳು ನಾನು ಸುಮ್ಮನೆ ಕೂರಲಿಲ್ಲ. ಕೋನ್ ಕೊಟ್ಟು ಎಳೆಯ ತುದಿ ಹುಡುಕಿಸಿದೆ. ಅಂಗೈಯನ್ನು ಕೋನಿನ ಸುತ್ತ ಹಗುರವಾಗಿ ಒಂದು ಸುತ್ತು ತಿರುಗಿಸಿದರೆ ಸಡಿಲವಾದ ತುದಿ ತಾನೇ ಕೈಗೆ ಹತ್ತುತ್ತದೆ. ಒತ್ತಿದರೆ ಅದು ಒಳಗೆ ಹುಗಿದುಕೊಂಡು ಬಿಡುತ್ತದೆ. ಗಂಟು ಹಾಕಿಸಿದೆ. ಗಂಟು ಲಾಳಿಯ ಕಣ್ಣಿನಲ್ಲಿ ಹಾಯುವಷ್ಟು ಸಣ್ಣ ಇರಬೇಕು. ತುಟಿಯ ಮೇಲೆ ಎಳೆದುಕೊಂಡು ನೋಡು, ತೊಡಕಿದರೆ ದಪ್ಪವಾಯಿತು ಎಂದೆ. ನೂರು ಗಂಟಿಗೆ ತೊಂಬತ್ತು ತೊಡಕಿದವು. ಬೈದೆ. ಎಪ್ಪತ್ತು ತೊಡಕಿದವು. ಮತ್ತೆ ಬೈದೆ.

ಕೊನೆಗೆ ನೂಲಿನ ನಂಬರು ತಿಳಿಯುವುದನ್ನು ಕಲಿಸಿದೆ. ನಂಬರು ಗೊತ್ತಿರುವ ಒಂದು ಎಳೆ, ಗೊತ್ತಿರದ ಒಂದು ಎಳೆ. ಎರಡನ್ನೂ ನಡುವೆ ಮಡಚಿ ಒಂದಕ್ಕೊಂದು ಕೊಕ್ಕೆ ಹಾಕಬೇಕು. ಆಮೇಲೆ ಎರಡು ಕಡೆಯಿಂದ ಹೊಸೆದು, ಹೆಬ್ಬೆರಳು ತೋರುಬೆರಳಿನ ನಡುವೆ ಎಳೆಯಬೇಕು. ಕೊಕ್ಕೆಯ ಎರಡೂ ಕಡೆ ಸಮ ಇದ್ದರೆ ನಂಬರು ಒಂದೇ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗ ಬೆರಳಿಗೆ ಮೆಟ್ಟಿಲು ಹತ್ತಿದಂತೆ ಆದರೆ ನಂಬರು ಬೇರೆ. ನನ್ನ ಅತ್ತೆ ಇದನ್ನು ಕಲಿಸಿದ್ದಳು. ಇದನ್ನು ತಿಳಿಯಲು ನನಗೆ ಒಂದು ವರ್ಷ ಹಿಡಿದಿತ್ತು.

ಹುಡುಗಿಗೆ ಮೂರು ದಿನ ಹಿಡಿಯಿತು.

"ನಮ್ಮ ಮುತ್ಯಾನ ಅವ್ವ ಕಂಬಳಿ ಉಣ್ಣಿ ನೂಲತಿದ್ಲರಿ ಆಯಿ. ಸಣ್ಣಾಕಿ ಇದ್ದಾಗ ಕೈಯಾಗ ಕೊಡತಿದ್ಲು. ಎಳಿ ದಪ್ಪ ಆದ್ರ ಕೈಮ್ಯಾಲ ಹೊಡಿತಿದ್ಲು."

ನಾನು ಹೊಗಳಲಿಲ್ಲ. ಹೊಗಳಿದರೆ ಕೈ ಸಡಿಲಾಗುತ್ತದೆ.

ಜಾಳಿಗೆ ಬಂತು, ಮೋಟರ್ ತಿರುಗಿತು. ಅದರ ಸದ್ದಿಗೆ ಅವಳು ಒಂದು ವಾರ ಹೆದರಿದಳು, ಎರಡನೇ ವಾರ ಅದೇ ಸದ್ದನ್ನು ಹಿಡಿದಳು. ಎಳೆ ಹರಿದಾಗ ಆ ಕದಿರಿನ ದನಿ ತೆಳ್ಳಗಾಗುತ್ತದೆ. ಎಂಟರಲ್ಲಿ ಯಾವುದು ಎಂಬುದನ್ನು ನಾನು ತಿರುಗಿ ನೋಡುವುದರೊಳಗೆ ಅವಳ ಕೈ ಅಲ್ಲಿರುತ್ತಿತ್ತು. ಐದನೇ ತಿಂಗಳಿಗೆ ಕಾಂಡಿ ಸರಿಯಾಗಿ ಬರತೊಡಗಿದವು, ತುದಿಯಲ್ಲಿ ಉಬ್ಬಿಲ್ಲ, ನಡುವೆ ತಗ್ಗಿಲ್ಲ. ಪರೀಕ್ಷೆಗೆ ಹೆಸರು ಬರೆಸಿದೆವು.

ಪರೀಕ್ಷೆಯ ರೀತಿ ಹೀಗಿತ್ತು. ಒಂದು ವಾರ ಅವಳು ಒಬ್ಬಳೇ ನಲವತ್ತು ನಂಬರಿನ ಕಾಂಡಿ ಸುತ್ತಬೇಕು. ಆ ಕಾಂಡಿಗಳು ಇಚಲಕರಂಜಿಗೆ ಹೋಗಿ ಮಾಲಕರ ಮಗ್ಗದಲ್ಲಿ ಬಟ್ಟೆಯಾಗಿ ಮರಳಿ ಬರಬೇಕು. ಬಟ್ಟೆ ನೋಡಿ ರಿಪೋರ್ಟು. ನನ್ನ ಪಾಲಿಗೆ ರಜಿಸ್ಟರು. ಯಾವ ಕೋನ್ ಹಾಕಿದಳು, ಅದರ ಮೇಲಿನ ನಂಬರು ಎಷ್ಟು ಎಂದು ಬರೆದು, "ತಪಾಸಿಸಿದೆ" ಎಂಬ ಕಾಲಮ್ಮಿನಲ್ಲಿ ಸಹಿ ಮಾಡಬೇಕು. ನನಗೆ ಮರಾಠಿ ಅಕ್ಷರ ಬರೆಯಲು ಬಾರದು. ಚೀಟಿಯನ್ನು ಮುಂದಿಟ್ಟುಕೊಂಡು ರಂಗೋಲಿ ಬಿಡಿಸಿದಂತೆ ಬಿಡಿಸುತ್ತಿದ್ದೆ. ಅಂಕಿ ಬರುತ್ತಿತ್ತು.

ಪರೀಕ್ಷೆಗೆಂದೇ ಸಾಹೇಬರು ಹೊಸ ಪೆಟ್ಟಿಗೆ ತರಿಸಿದ್ದರು. ಪ್ರತಿ ಕೋನಿಗೂ ಬ್ರೈಲ್ ಚುಕ್ಕಿಯ ಚೀಟಿ ಹಚ್ಚಿಸಿದ್ದರು. ಹುಡುಗಿ ತಾನೇ ಬೆರಳಿನಿಂದ ಓದಿಕೊಳ್ಳಲಿ ಎಂದು. ಒಳ್ಳೆಯದೇ ಮಾಡಿದರು, ಇಲ್ಲ ಎನ್ನುವುದಿಲ್ಲ. ಆದರೆ ಚೀಟಿ ಹಚ್ಚಿದವರು ಪೆಟ್ಟಿಗೆಯ ಮೇಲೆ ನಲವತ್ತು ಎಂದು ಇದ್ದದ್ದನ್ನು ನೋಡಿ ಎಲ್ಲದಕ್ಕೂ ನಲವತ್ತು ಎಂದೇ ಹಚ್ಚಿದ್ದರು. ಪೆಟ್ಟಿಗೆಯೊಳಗೆ ಏನಿದೆ ಎಂದು ಯಾರು ಮುಟ್ಟಿ ನೋಡುತ್ತಾರೆ?

ಎರಡನೇ ದಿನ ಮಧ್ಯಾಹ್ನ ಹುಡುಗಿ ಒಂದು ಕೋನಿನ ತುದಿ ಹಿಡಿದು ನಿಂತುಬಿಟ್ಟಳು.

"ಆಯಿ, ಇದು ದಪ್ಪ ಐತಿ."

ನಾನು ಎಳೆ ತೆಗೆದುಕೊಂಡು ಬೆರಳಲ್ಲಿ ಹೊಸೆದೆ. ಬೆರಳಿಗೆ ದಪ್ಪ ಎನಿಸಿತು. ಮೂವತ್ತು ಎನಿಸಿತು. ಚೀಟಿ ನೋಡಿದೆ. ಮೇಲೆ ಅಂಕಿಯಲ್ಲಿ ನಲವತ್ತು, ಕೆಳಗೆ ಚುಕ್ಕಿ. ಕಚೇರಿಯ ಮೊಹರು ಇತ್ತು.

"ಚೀಟಿ ಏನ ಹೇಳತೈತಿ?" ಎಂದೆ.

"ಚೀಟಿ ನಲವತ್ತ ಅಂತೈತ್ರಿ. ಆದ್ರ ಬೆರಳ..."

"ಸರಕಾರಿ ಚೀಟಿಕಿಂತ ನಿನ್ನ ಬೆರಳ ಶಾಣ್ಯಾ ಆತೇನ? ಹಾಕ ಸುಮ್ಮನ."

ಹಾಕಿದಳು. ನಾನು ರಜಿಸ್ಟರಿನಲ್ಲಿ ನಲವತ್ತು ಎಂದು ಬಿಡಿಸಿ ಸಹಿ ಮಾಡಿದೆ. ಆ ವಾರ ಅವಳು ಮತ್ತೆ ಎರಡು ಸಲ ನಿಂತಳು. ಎರಡನೇ ಸಲ ನನ್ನ ಕಡೆ ಮುಖ ಮಾಡಿ, ಕೇಳದೆ ತಾನೇ ಹಾಕಿಕೊಂಡಳು. ನಾನು ಆ ಹೊತ್ತೆಲ್ಲ ರಜಿಸ್ಟರಿನಲ್ಲಿ ಮುಖ ಹುದುಗಿಸಿಕೊಂಡಿದ್ದೆ.

ಹನ್ನೆರಡು ದಿನಕ್ಕೆ ಬಟ್ಟೆ ಬಂತು. ಸಾಹೇಬರು ಮೇಜಿನ ಮೇಲೆ ಬಿಚ್ಚಿ ಹಾಸಿದರು. ಮಾರಿಗೊಂದರಂತೆ ಅಡ್ಡ ಪಟ್ಟೆ. ಚಿಂದಿ ಹೊಲಿದ ಕೌದಿಯಾದರೂ ಇದಕ್ಕಿಂತ ಚೆಂದ ಕಾಣುತ್ತದೆ. ಮಾಲಕರ ಚೀಟಿ ಅದರ ಜೊತೆಗಿತ್ತು: ಎರಡು ನಂಬರಿನ ಕಾಂಡಿ ಬೆರೆಸಿದ್ದಾರೆ, ಇಂಥ ಕೆಲಸ ನನಗೆ ಬೇಡ.

ಸಾಹೇಬರು ನನ್ನ ರಜಿಸ್ಟರು ತೆಗೆದರು. ಎಲ್ಲ ಕೋನೂ ನಲವತ್ತು, ಎಲ್ಲದಕ್ಕೂ ಶಿಕ್ಷಕಿಯ ಸಹಿ. ಹಾಗಾದರೆ ಹೊರಗಿನ ಬೇರೆ ಕೋನ್ ಎಲ್ಲಿಂದಲೋ ತೆಗೆದುಕೊಂಡು ಗೊತ್ತಾಗದೆ ಬೆರೆಸಿದವಳು ಹುಡುಗಿ. ಲೆಕ್ಕ ಸರಿಯಾಗಿ ಕೂತಿತು.

"ಆಜಿ, ರಜಿಸ್ಟರ ಬರೋಬರ ಆಹೇ ನಾ?" ಎಂದು ಕೇಳಿದರು. ರಜಿಸ್ಟರು ಸರಿ ಇದೆಯಲ್ಲ ಎಂದು.

ಮೇಡಂ ನನ್ನನ್ನು ನೋಡಿದರು. ಹುಡುಗಿ ಕೋಲು ಹಿಡಿದುಕೊಂಡು ನಿಂತಿದ್ದಳು. ನಾನು ಹೌದು ಎಂದೆ.

ಸಾಹೇಬರು ಬರೆದರು: ಯಂತ್ರದ ಕೆಲಸಕ್ಕೆ ಯೋಗ್ಯಳಲ್ಲ, ಕುರ್ಚಿ ಹೆಣೆಯಲು ಕಳಿಸಬಹುದು. ಕುರ್ಚಿ ಹೆಣೆಯುವ ನೌಕರಿ ಎಲ್ಲಿಯೂ ಇಲ್ಲ ಎಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಈಗ ಯಾರು ಬೆತ್ತದ ಕುರ್ಚಿಯ ಮೇಲೆ ಕೂರುತ್ತಾರೆ? ಸಾಹೇಬರೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು.

ನಾವಿಬ್ಬರೂ ವರಾಂಡಕ್ಕೆ ಬಂದು ಮಶೀನಿನ ಹತ್ತಿರ ಕೂತೆವು. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ.

"ನೀ ಯಾಕ ಬಾಯಿ ಬಿಡಲಿಲ್ಲ?" ಎಂದು ನಾನೇ ಸಿಟ್ಟು ಮಾಡಿದೆ. "ದಪ್ಪ ಐತಿ ಅಂದಿದ್ನಿ ಅಂತ ಹೇಳೂದಿಲ್ಲೇನ?"

"ನೀವ ಹೇಳ್ತೀರಿ ಅಂತ ತಡದ್ನಿ."

"ನಾ ಹೇಳಲಿಲ್ಲ. ಆಮ್ಯಾಲ?"

"ಆಮ್ಯಾಲ ನಾ ಹೇಳಿದ್ರ ಯಾರ ಕೇಳ್ತಾರ್ರಿ ಆಯಿ? ಕುರುಡಿ ಮಾತ ಒಂದ ಕಡೆ, ಕಣ್ಣಿದ್ದವರ ಸಹಿ ಒಂದ ಕಡೆ." ನನ್ನ ಕಡೆ ಮುಖ ತಿರುಗಿಸಿ ಕೇಳಿದಳು, "ನಿಮ್ಮ ಬೆರಳಿಗಿ ಗೊತ್ತಾಗಿತ್ತ ಇಲ್ಲೋ? ಅಷ್ಟ ಹೇಳ್ರಿ. ಇಲ್ಲ ಅಂದ್ರ ನಂದ ತಪ್ಪ ಅಂತ ತಿಳಕೊಂಡ ಊರಿಗಿ ಹೋಗ್ತೇನಿ."

"ಗೊತ್ತಾಗಿತ್ತು," ಎಂದೆ.

"ಹಂಗಾರ ಸಾಕ ಬಿಡ್ರಿ," ಎಂದಳು. ಕೋಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಳು. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಅವಳು ಬೈಯಲಿಲ್ಲ. ಸಾಕು ಎಂದಳಲ್ಲ, ಆ ಸಾಕು ನನಗೆ ಸಾಕಾಗಲಿಲ್ಲ.

ಪೆಟ್ಟಿಗೆಯಲ್ಲಿ ಇನ್ನೂ ಏಳೆಂಟು ಕೋನ್ ಉಳಿದಿದ್ದವು. ಒಂದೊಂದನ್ನೇ ಹೊಸೆದು ನೋಡಿದೆ. ಅವುಗಳಲ್ಲಿ ಮೂರು ಕೋನ್ ಮೂವತ್ತು ನಂಬರಿನವು. ಎಲ್ಲದರ ಮೇಲೂ ನಲವತ್ತರ ಚೀಟಿ. ಎಲ್ಲ ಕೋನ್‌ಗಳನ್ನೂ ಸೆರಗಿನಲ್ಲಿ ಹಾಕಿಕೊಂಡು, ಹುಡುಗಿಯನ್ನು ಎಬ್ಬಿಸಿಕೊಂಡು ಸಾಹೇಬರ ಕೋಣೆಗೆ ಮರಳಿದೆ. ಅವರು ಊಟದ ಡಬ್ಬಿ ಬ್ಯಾಗಿನೊಳಗೆ ಇಡುತ್ತಿದ್ದರು.

"ಸಾಹೇಬ್ರ, ರಜಿಸ್ಟರ ಸುಳ್ಳ ಐತಿ."

ಡಬ್ಬಿ ಹೊರಗೇ ಉಳಿಯಿತು.

"ಈಕಿ ದಪ್ಪ ಐತಿ ಅಂದ್ಲು. ನನಗೂ ದಪ್ಪ ಅನಿಸ್ತು. ಚೀಟಿ ನೋಡಿ ನಾ ಬಾಯಿ ಮುಚ್ಚಿಸಿದ್ನಿ. ತಪಾಸ ಮಾಡಲಾರದ ತಪಾಸಿಸಿದೆ ಅಂತ ಸಹಿ ಹಾಕೇನಿ. ತಪ್ಪ ನಂದು, ಚೀಟೀದು. ಈಕಿದಲ್ಲ."

ಅವರು ನಂಬಲಿಲ್ಲ. ಅದು ಅವರ ತಪ್ಪಲ್ಲ. ಅರ್ಧ ಗಂಟೆಯ ಹಿಂದೆ ಇದೇ ಬಾಯಿ ಹೌದು ಎಂದಿತ್ತು. ನಾನು ಕೋನ್‌ಗಳನ್ನು ಮೇಜಿನ ಮೇಲಿಟ್ಟು ಚೀಟಿಗಳನ್ನು ಕಿತ್ತು ಹಾಕಿದೆ. ಸರಕಾರಿ ಚೀಟಿ ಹರಿಯುತ್ತೀಯಾ ಎಂದು ಎದ್ದು ನಿಂತರು.

"ಹರದೇನಿ. ಈಗ ಇವನ್ನ ಕಲಸ್ರಿ, ನಿಮ್ಮ ಕೈಲೇ ಕಲಸ್ರಿ. ನಾ ಗ್ವಾಡಿ ಕಡೆ ಮಾರಿ ಮಾಡಿ ನಿಲ್ತೇನಿ."

ಮೇಡಂ ಸದ್ದು ಕೇಳಿ ಬಾಗಿಲಿಗೆ ಬಂದಿದ್ದರು. ಅವರೇ ಮುಂದೆ ಬಂದು ಕಲಸಿದರು. ನಾನು ಗೋಡೆಯ ಕಡೆ ತಿರುಗಿದೆ. ಹುಡುಗಿ ಮೇಜು ತಡವಿ ಕೂತಳು. ಎಳೆ ಎಳೆಯುವ ಸದ್ದು ಕೂಡ ಇಲ್ಲ. ಗೋಡೆಯ ಮೇಲೆ ಒಂದು ಹಲ್ಲಿ ಇತ್ತು, ಅದನ್ನೇ ನೋಡುತ್ತಿದ್ದೆ.

"ಈ ಮೂರ ದಪ್ಪ, ಉಳದಿದ್ದ ಸಣ್ಣ," ಎಂದಳು. "ಈ ಕಡೇದು ಸಣ್ಣನ, ಆದ್ರ ಹಸಿ ಕುಡದೈತಿ. ಕಿಟಕಿ ಬಾಜೂಕ ಇಟ್ಟಿದ್ರೇನ?"

ಸಾಹೇಬರು ಎಳೆಗಳನ್ನು ತಾವೂ ಹೊಸೆದು ನೋಡಿದರು. ಅವರಿಗೇನೂ ತಿಳಿಯಲಿಲ್ಲ ಎಂದು ಮುಖವೇ ಹೇಳಿತು. ಮೇಡಂ ಫೋನಿನಲ್ಲಿ ಮಾಲಕರಿಂದ ನೂಲು ತೂಗುವ ರೀತಿಯನ್ನಷ್ಟೇ ಕೇಳಿಕೊಂಡು, ಒಂದೇ ಉದ್ದದ ಎಳೆ ಅಳೆದು, ಕೇಂದ್ರದ ಔಷಧ ಕೋಣೆಯ ಸಣ್ಣ ತಕ್ಕಡಿಯಲ್ಲಿ ತೂಗಿದರು. ಮೂರು ಹೆಚ್ಚು ತೂಗಿದವು. ಅವೇ ಮೂರು.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಸಾಹೇಬರು ತಲೆಯ ಮೇಲೆ ಕೈಯಿಟ್ಟುಕೊಂಡು ಕೂತರು. ಮನುಷ್ಯ ಕೆಟ್ಟವರಲ್ಲ.

"ಮಲಾ ಕಳತಂಯ, ಆಜಿ," ಎಂದರು. ನನಗೆ ತಿಳಿಯುತ್ತದೆ ಎಂದು. ಅದರ ಮುಂದೆ ಹೇಳಿದ್ದೆಲ್ಲ ಬರೀ 'ಆದರೆ'. ರಿಪೋರ್ಟು ಕಂಪ್ಯೂಟರಿನಲ್ಲಿ ಹೋಗಿಬಿಟ್ಟಿದೆ. ನಪಾಸಾದವರಿಗೆ ಮರುಪರೀಕ್ಷೆ ಮುಂದಿನ ತಂಡದ ಜೊತೆಗೆ, ಅಂದರೆ ಆರು ತಿಂಗಳಿಗೆ. ಬೆರಳಿನಿಂದ ನಂಬರು ಹೇಳಿದಳು ಎಂದು ಬರೆಯಲು ಫಾರ್ಮಿನಲ್ಲಿ ಕಾಲಮ್ಮು ಇಲ್ಲ.

"ಕಾಲಮ್ಮ ಇಲ್ಲಂದ್ರ ಬಾಜೂಕ ಬರೀರಿ."

"ಬಾಜೂಕ ಬರದ್ರ ಕಂಪ್ಯೂಟರ ತಗೊಳ್ಳೂದಿಲ್ಲ ಆಜಿ."

ರಜಿಸ್ಟರು ಸುಳ್ಳು ಎಂದರೆ ಅದನ್ನು ಬರೆದು ಕೊಡಬೇಕು. ಬರೆದು ಕೊಟ್ಟವಳು ಮತ್ತೆ ಶಿಕ್ಷಕಿಯಾಗಿ ಇರಲು ಬಾರದು. ಮುಂದಿನ ತಂಡಕ್ಕೂ ನನ್ನನ್ನೇ ಕರೆಯಬೇಕೆಂದು ಕಾಗದ ತಯಾರಾಗಿತ್ತು. ಅದನ್ನು ತೆಗೆದು ತೋರಿಸಿ, ನೋಡಿಕೊಂಡು ಬರೆಯಿರಿ ಎಂದರು. ಹೆದರಿಸಲು ಹೇಳಿದ್ದಲ್ಲ, ನನ್ನ ಒಳ್ಳೆಯದಕ್ಕೇ ಹೇಳಿದ್ದು. ಆ ಕೆಲಸ ನನಗೆ ಬೇಕಾಗಿತ್ತು. ಕಾರಖಾನೆಯಲ್ಲಿ ನಾನು ಬರೀ ಮಾವಶಿ, ಅಂದರೆ ಚಿಕ್ಕಮ್ಮ; ಇಲ್ಲಿನ ಮಂದಿ ಬಾಯಿ, ಅಂದರೆ ಟೀಚರಮ್ಮ, ಎನ್ನುತ್ತಿದ್ದರು. ಊಟದ ಹೊತ್ತಿಗೆ ಕುರ್ಚಿ ಕೊಡುತ್ತಿದ್ದರು.

ನಾಲ್ಕು ಸಾಲು ಬರೆದೆ, ಕನ್ನಡದಲ್ಲಿ. ಮರಾಠಿಯಲ್ಲಿ ಬೇಕು ಎಂದರು. ನನಗೆ ಬರುವುದು ಇದೇ ಎಂದೆ. ಮೇಡಂ ಕೆಳಗೆ ಮರಾಠಿ ಮಾಡಿ ಬರೆದರು. ಸಹಿ ಹಾಕಿದೆ. ಆರು ತಿಂಗಳಲ್ಲಿ ಓದಿ ತಿಳಿದು ಹಾಕಿದ ಸಹಿ ಅದೊಂದೇ.

ಹೊರಗೆ ಬಂದಾಗ ನನಗೆ ಶಿಕ್ಷಕಿಯ ಕೆಲಸವಿರಲಿಲ್ಲ, ಹುಡುಗಿಗೆ ಯಾವ ಕೆಲಸವೂ ಇರಲಿಲ್ಲ. ಅವಳ ಅಣ್ಣ ಬರಲು ನಾಲ್ಕು ದಿನ ಉಳಿದಿತ್ತು. ಒಟ್ಟಿನಲ್ಲಿ ಏನು ಮಾಡಿದಂತಾಯಿತು ಎಂದು ತಲೆ ಕೆಟ್ಟಿತು. ಖರೆ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದು ಯಾವ ಪುಣ್ಯಾತ್ಮ ಹೇಳಿದನೋ, ಅವನು ಕಚೇರಿ ನೋಡಿದವನಲ್ಲ.

ಮೇಡಂ ಹಿಂದಿನಿಂದ ಬಂದು ಮಶೀನಿನ ಹತ್ತಿರ ನಿಂತರು.

"ಆಯಿ, ಫಾರ್ಮ ನಮ್ಮದು. ನೌಕರಿ ಯಾರದು?"

"ಮಾಲಕರದು."

"ಅವರಿಗಿ ರಿಪೋರ್ಟ ಬೇಕಂತ ಯಾರ ಹೇಳಿದ್ರು? ನಾವ ಹೇಳಿದ್ದು. ಸರಕಾರಿ ಕಾಗದ ಇದ್ರ ನಂಬ್ತಾರ ಅಂತ. ಅವರಿಗಿ ಖರೇನ ಬೇಕಾಗಿದ್ದೇನು?"

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ, "ಕಾಂಡಿ," ಎಂದಳು.

"ಅವರ ಕಾಂಡಿ ನೋಡ್ಯಾರ, ಬ್ಯಾಡ ಅಂದಾರ," ಎಂದೆ. ಹೇಳುತ್ತ ಹೇಳುತ್ತಲೇ ಕಾರಖಾನೆಯ ಬಾಗಿಲಲ್ಲಿದ್ದ ಆ ಗೋಣಿಚೀಲ ನೆನಪಾಯಿತು. ಇದೇ ಮೇಡಂ ಎಡವಿದ್ದ ಚೀಲ. ಹುಡುಗಿಯ ಬೆರಳು ಆ ಕೋನ್‌ಗಳನ್ನು ನಂಬರಿನಂತೆ ಬೇರೆ ಮಾಡಿಕೊಟ್ಟರೆ ಮಾಲಕರಿಗೆ ಕಾಗದ ಏಕೆ ಬೇಕು? ನನ್ನ ಬೆರಳಿಗೂ ಆ ಚೀಲವನ್ನು ಬೇರೆ ಮಾಡಲು ಬರುತ್ತಿತ್ತು, ಆದರೆ ಎಂಟು ಕದಿರಿನ ಕೆಲಸ ಬಿಡಿಸಿ ನನ್ನನ್ನು ಅದರ ಮುಂದೆ ಯಾರು ಕೂರಿಸುತ್ತಿದ್ದರು? ಇಷ್ಟು ವರ್ಷ ಅದರ ಪಕ್ಕದಲ್ಲೇ ಓಡಾಡಿ ಕಸ ಎಂದು ದಾಟಿದ್ದೆ.

ಚೀಲದ ಮಾತನ್ನು ಮೇಡಂಗೆ ಹೇಳಿದೆ. ಹುಡುಗಿಯನ್ನು ಹೊರಗೆ ಕರೆದುಕೊಂಡು ಹೋಗಲು ಪರವಾನಗಿ ಬೇಕು. ನೌಕರಿ ಹುಡುಕಲು ಎಂದು ಬರೆದರೆ ಸಾಹೇಬರ ಸಹಿ ಬೇಕು. ಮೇಡಂ ಪೆನ್ನು ಕಚ್ಚುತ್ತ ಯೋಚಿಸಿದರು. ಒಬ್ಬರೇ ಬಸ್ಸಿನಲ್ಲಿ ಓಡಾಡುವ ಪಾಠ ಅಂತ ಒಂದಿದೆ, ಅದಕ್ಕೆ ಮೇಡಂ ಸಹಿ ಸಾಕು. ಅದರಲ್ಲಿ ಅವಳದು ಒಂದು ಪಾಠ ಬಾಕಿ ಇತ್ತು. ಕೊಲ್ಹಾಪುರದಿಂದ ಇಚಲಕರಂಜಿ, ಎಸ್‌ಟಿ ಬಸ್ಸು, ಹೋಗಿ ಬರುವುದು ಎಂದು ಬರೆದುಕೊಟ್ಟರು. ಮೊದಲ ಸಲ ಒಂದು ಸರಕಾರಿ ಕಾಗದ ನನಗೆ ಹೆದರಿಕೆ ಹುಟ್ಟಿಸಲಿಲ್ಲ.

"ಆಯಿ, ನಾಳೆ ನೀವ ನನ್ನ ಕೈ ಹಿಡೀಬಾರದ್ರಿ," ಎಂದಳು ಹುಡುಗಿ. "ಪಾಠ ಐತಿ."

"ಹಿಡಿಯಾಕ ನನಗೇನ ಹೌಸಿ ಇಲ್ಲ," ಎಂದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸು ಹಿಡಿದೆವು. ಅವಳು ಮುಂದೆ, ನಾನು ನಾಲ್ಕು ಹೆಜ್ಜೆ ಹಿಂದೆ. ಕಾರಖಾನೆಯ ಬಾಗಿಲಲ್ಲಿ ಮಾಲಕರು ನನ್ನನ್ನು ನೋಡಿದರು, ಕೋಲನ್ನು ನೋಡಿದರು.

"ರಿಪೋರ್ಟ ಎಲ್ಲೈತಿ ಮಾವಶಿ?"

"ನಪಾಸ ಐತಿ. ನಿಮ್ಮ ಮಗ್ಗದ ಅರಿವಿ ಕೆಡಿಸಿದಾಕಿ ನಾನ. ಈಕಿ ಹೇಳಿದ್ಲು, ನಾ ಕೇಳಲಿಲ್ಲ. ಬೈಯೂದಿದ್ರ ನನ್ನ ಬೈರಿ, ಸಂಜಿಮುಂದ. ಈಗ ಹಾದಿ ಬಿಡ್ರಿ."

ಅವರು ಮಗ್ಗದ ಸದ್ದಿನಲ್ಲಿ ಏನೋ ಅಂದರು, ನನಗೆ ಕೇಳಿಸಲಿಲ್ಲ. ಬಾಗಿಲಲ್ಲಿದ್ದ ಗೋಣಿಚೀಲವನ್ನು ಎಳೆದು ತಂದು ನನ್ನ ಮಶೀನಿನ ಹಿಂದಿನ ಖಾಲಿ ಜಾಗದಲ್ಲಿ ಸುರುವಿದೆ. ಅರ್ಧ ಕೋನ್, ಕಾಲು ಕೋನ್, ಚೀಟಿ ಇಲ್ಲದ್ದು, ಸುಳ್ಳು ಚೀಟಿಯದ್ದು, ಎಲ್ಲ ಉರುಳಿ ಬಿದ್ದವು. ಹುಡುಗಿಯನ್ನು ನಡುವೆ ಕೂರಿಸಿ, ನಾನೇ ಹೊಸೆದು ನೋಡಿ ಖಾತ್ರಿ ಮಾಡಿಕೊಂಡ ಎರಡು ಕೋನ್ ಅವಳ ಮುಂದಿಟ್ಟೆ.

"ಎಡಕ್ಕ ಮೂವತ್ತು, ಬಲಕ್ಕ ನಲವತ್ತು. ಉಳದಿದ್ದೆಲ್ಲ ನಿಂದು, ನೀನ ಬ್ಯಾರೆ ಮಾಡು."

ಅವಳು ಕೈ ಚಾಚಿ ಒಂದನ್ನು ತೆಗೆದುಕೊಂಡಳು. ತುದಿ ಸಿಗಲಿಲ್ಲ. ಇನ್ನೊಂದು ಸುತ್ತು ತಿರುಗಿಸಿದಳು, ಆಗಲೂ ಸಿಗಲಿಲ್ಲ. ಮಾಲಕರು ನೋಡುತ್ತಿದ್ದರು. ನನ್ನ ಕೈ ತಾನಾಗಿ ಅವಳ ಕಡೆ ಹೋಯಿತು. ಅದನ್ನು ಹಿಂದಕ್ಕೆ ತೆಗೆದುಕೊಂಡು, ಸೆರಗು ಸಿಕ್ಕಿಸಿ, ನನ್ನ ಮಶೀನಿಗೆ ಹೋಗಿ ಅವಳಿಗೆ ಬೆನ್ನು ಮಾಡಿ ಕೂತು ಸ್ವಿಚ್ಚು ಒತ್ತಿದೆ.